ಮೂಲೆಯಲ್ಲಿ ನನ್ನ ಹೆಸರು

೨೦೦೯ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ತರಗತಿ, ಅದೂ ಅರ್ಧಕ್ಕೆ. ನಮ್ಮದು ಸುಗಟೂರಿನಲ್ಲಿ ರೇಷ್ಮೆ ಸಾಕುವ ಮನೆ. ಹುಳು ಹಣ್ಣಾಗುವ ದಿನಗಳಲ್ಲಿ ಮನೆಯ ಎಲ್ಲರ ಕೈಯೂ ಬೇಕು. ಹಣ್ಣಾದದ್ದು ಯಾವುದು, ಇನ್ನೂ ಸೊಪ್ಪು ತಿನ್ನುವುದು ಯಾವುದು ಎಂದು ನೋಡಿ, ನಲುಗದಂತೆ ಎತ್ತಿ, ಗೂಡು ಕಟ್ಟುವ ಬಿದಿರ ತಟ್ಟೆಗೆ, ಚಂದ್ರಿಕೆಗೆ, ಬಿಡಬೇಕು. ಪ್ರತಿ ಬೆಳೆಗೂ ನಾನು ಶಾಲೆ ತಪ್ಪಿಸುತ್ತಿದ್ದೆ. ಒಂದು ದಿನ ಲೆಕ್ಕದ ಮೇಷ್ಟ್ರು ಇಡೀ ತರಗತಿಯ ಮುಂದೆ ನಿಲ್ಲಿಸಿ, ‘ಹುಳದ ಜೊತೆಗೇ ಇರೋಗಯ್ಯಾ, ಇಲ್ಲಿಗ್ಯಾಕೆ ಬರ್ತೀಯ?’ ಎಂದರು. ಎಲ್ಲರೂ ನಕ್ಕರು. ನಾನು ಚೀಲ ಎತ್ತಿಕೊಂಡು ಮನೆಗೆ ಬಂದೆ, ಮತ್ತೆ ಹೋಗಲಿಲ್ಲ. ಆ ಮೇಷ್ಟ್ರ ಮೇಲೆ ಈಗಲೂ ಸಿಟ್ಟಿದೆ. ಆದರೆ ಇಲ್ಲಿ ಬರೆಯುತ್ತಿರುವುದು ಇನ್ನೊಬ್ಬನ ವಿಷಯ.

ಅವನು ಕೋಲಾರದಲ್ಲಿ ಫ್ಲೆಕ್ಸ್ ಬ್ಯಾನರ್ ಅಂಗಡಿ ಇಟ್ಟವನು, ನನ್ನ ಓನರ್. ಎದುರಿಗೆ ‘ಅಣ್ಣಾ’ ಎನ್ನುತ್ತಿದ್ದೆ. ಬರೆಯುವಾಗ ಬಹುವಚನ ಕೊಡಲು ಮನಸ್ಸಿಲ್ಲ.

ಅಂಗಡಿಗೆ ಸೇರಿದ್ದು ಕಸ ಗುಡಿಸಲು. ಆಮೇಲೆ ಬ್ಯಾನರ್ ಅಂಚು ಮಡಚಿ ರಂಧ್ರ ಹೊಡೆಯುವ ಕೆಲಸ. ಮಧ್ಯಾಹ್ನ ಡಿಸೈನರ್ ಊಟಕ್ಕೆ ಹೋದಾಗ ಅವನ ಕುರ್ಚಿಯಲ್ಲಿ ಕೂತು ಮೌಸ್ ಹಿಡಿಯುವುದು ಕಲಿತೆ. ಅವನು ಬೆಂಗಳೂರಿಗೆ ಹೋದ ಮೇಲೆ ಆ ಕುರ್ಚಿ ನನ್ನದಾಯಿತು. ನಮ್ಮ ಕಡೆಯ ಬ್ಯಾನರ್ ನೋಡಿದವರಿಗೆ ಗೊತ್ತು, ಅದರ ತುಂಬ ಮುಖಗಳು. ಹುಟ್ಟುಹಬ್ಬವಾಗಲಿ, ಗೃಹಪ್ರವೇಶವಾಗಲಿ, ಸಾವಾಗಲಿ, ನಡುವೆ ಒಂದು ದೊಡ್ಡ ಮುಖ, ಕೆಳಗೆ ‘ಶುಭ ಕೋರುವವರು’ ಎಂದು ಸಾಲು ಸಾಲು ಸಣ್ಣ ಮುಖ. ಒಬ್ಬನ ತಲೆ ಇನ್ನೊಬ್ಬನಿಗಿಂತ ಒಂದು ಬೆರಳು ಚಿಕ್ಕದಾದರೂ ಜಗಳ. ಅಷ್ಟೂ ಮುಖಗಳನ್ನು ಯಾವುದೋ ಮದುವೆಯ, ಯಾವುದೋ ಪ್ರವಾಸದ ಫೋಟೊದಿಂದ ಬಿಡಿಸಿ ತೆಗೆಯಬೇಕು. ಕಿವಿಯ ಸುತ್ತ, ಕೂದಲ ಸುತ್ತ, ಹೂವಿನ ಸುತ್ತ. ನಾವು ಅದಕ್ಕೆ ಮುಖ ಕತ್ತರಿಸುವುದು ಎನ್ನುತ್ತಿದ್ದೆವು. ಹುಳು ಎತ್ತಿ ಪಳಗಿದ ಬೆರಳು ನನ್ನದು, ಆ ಕೆಲಸ ಬೇಗ ಹತ್ತಿತು. ಒಮ್ಮೆ ಕತ್ತರಿಸಿದ ಮುಖ ಕಂಪ್ಯೂಟರಿನಲ್ಲಿ ಉಳಿಯುತ್ತದೆ, ಮುಂದಿನ ಬ್ಯಾನರಿಗೂ ಬರುತ್ತದೆ. ಫ್ಲೆಕ್ಸ್ ಅಂಗಡಿಯ ನಿಜವಾದ ಆಸ್ತಿ ಅದೇ. ಒಂಬತ್ತು ವರ್ಷದಲ್ಲಿ ಕೋಲಾರ ತಾಲ್ಲೂಕಿನ ಮುಕ್ಕಾಲು ಪಾಲು ದೊಡ್ಡ ಮನುಷ್ಯರ ಕಿವಿ ಮೂಗು ನನ್ನ ಕೈಯಲ್ಲಿ ಹಾದುಹೋಗಿತ್ತು.

ಶ್ರೀನಿವಾಸಪುರದ ಒಬ್ಬ ಮಾವಿನ ಮಂಡಿಯವರಿಗೆ ಹೊಸ ಮಂಡಿಯ ಬ್ಯಾನರ್ ಮಾಡಿದಾಗ ನನಗೆ ಒಂದು ಆಸೆ ಹುಟ್ಟಿತು. ಹಳದಿ ಹಣ್ಣಿನ ರಾಶಿಯ ಮೇಲೆ ಬೆಳಕು ಬೀಳುವ ಹಾಗೆ ಮಾಡಿದ್ದೆ, ನನಗೇ ಹೊಟ್ಟೆ ತುಂಬಿದ ಹಾಗಿತ್ತು. ಬಲಗಡೆ ಕೆಳಗಿನ ಮೂಲೆಯಲ್ಲಿ, ಅಂಗಡಿ ಹೆಸರಿನ ಪಕ್ಕ, ಇರುವೆ ಗಾತ್ರದಲ್ಲಿ ‘ವಿನ್ಯಾಸ’ ಎಂದು ಬರೆದು ನನ್ನ ಹೆಸರು ಹಾಕಿದೆ. ಮಂಡಿಯವರು ತೆಗೆದುಕೊಂಡು ಹೋಗಲು ಬಂದಾಗ ಓನರ್ ಕಣ್ಣಿಗೆ ಅದು ಬಿತ್ತು.

‘ಏನ್ಲಾ ಇದು?’

‘ನಾನು ಮಾಡಿದ್ದಲ್ವಾ ಅಣ್ಣಾ, ಅದಕ್ಕೆ…’

‘ನೀನು ಮಾಡಿದ್ದಾ? ನೈನ್ತ್ ಬಿಟ್ಟೋನು ಡಿಸೈನರ್ ಆಗ್ಬಿಟ್ಯಾ? ನಿನ್ ಹೆಸ್ರು ಹಾಕ್ಕೊಳ್ಳಕ್ಕೆ ನೀನು ಯಾವೂರ್ ಸಾಹುಕಾರ್ನೋ?’

ಮಂಡಿಯವರು, ‘ಹೋಗ್ಲಿ ಬಿಡಪ್ಪ, ಇರ್ಲಿ, ಚೆನ್ನಾಗೇ ಐತೆ’ ಎಂದರು. ಓನರ್ ಬಿಡಲಿಲ್ಲ. ಮೇಜಿನ ಮೇಲಿದ್ದ ಕಪ್ಪು ಟೇಪು ನನ್ನ ಕೈಗೆ ಕೊಟ್ಟು, ‘ನೀನೇ ಅಂಟಿಸು’ ಎಂದ. ನಾನೇ ಅಂಟಿಸಿದೆ. ಹಳದಿ ಬ್ಯಾನರಿನ ಮೂಲೆಯಲ್ಲಿ ಕಪ್ಪು ಪಟ್ಟಿ. ಆ ಮಾವಿನ ಕಾಲ ಮುಗಿಯುವ ತನಕ ಅದು ಶ್ರೀನಿವಾಸಪುರದ ರಸ್ತೆಯಲ್ಲಿ ಹಾಗೇ ನಿಂತಿತ್ತು. ಬಸ್ಸಿನಲ್ಲಿ ಹೋಗುವಾಗೆಲ್ಲ ನಾನು ಆ ಕಡೆಗೇ ಕೂರುತ್ತಿದ್ದೆ. ಮರೆಯಬಾರದು ಎಂದು.

ಮಾವು ಮುಗಿದ ಮೇಲೆ ಕೆಲಸ ಬಿಟ್ಟೆ. ಬಿಡುವಾಗ ಒಂದೇ ಕೇಳಿದೆ, ನಾನು ಕತ್ತರಿಸಿದ ಮುಖಗಳ ಒಂದು ಪ್ರತಿ. ಓನರ್ ಕುರ್ಚಿಗೆ ಒರಗಿಕೊಂಡು ನಕ್ಕ.

‘ಕಂಪ್ಯೂಟರ್ ನಂದು, ಕರೆಂಟ್ ನಂದು, ನೀನು ಕೂತಿದ್ದ ಕುರ್ಚಿ ನಂದು. ನಿಂದೇನೈತೆ? ಬೆರಳೈತೆ. ತಗಂಡೋಗು.’

ತೆಗೆದುಕೊಂಡು ಬಂದೆ.

ಹಳೇ ಲ್ಯಾಪ್‌ಟಾಪ್ ಒಂದನ್ನು ಹೊಂದಿಸಿಕೊಂಡು ರೇಷ್ಮೆ ಮನೆಯ ಮೂಲೆಯಲ್ಲಿ ಇಟ್ಟೆ. ಮೆಷಿನ್ ಇಲ್ಲ, ಅಂಗಡಿ ಇಲ್ಲ, ಬೋರ್ಡಿಲ್ಲ. ಫೋನಿನಲ್ಲಿ ಕೆಲಸ ಬರಬೇಕು, ಫೋನಿನಲ್ಲೇ ಕಳಿಸಬೇಕು, ಪ್ರಿಂಟು ಮಾಲೂರಿನ ಒಂದು ಪ್ರೆಸ್ಸಿನಲ್ಲಿ. ಹೀಗೆ ಮಾಡುವುದಕ್ಕೆ ಹೆಸರಿದೆ ಎಂದು ಬೆಂಗಳೂರಿನ ಒಬ್ಬ ಗಿರಾಕಿಯಿಂದ ತಿಳಿಯಿತು. ಅವರು ಫೋನಿನಲ್ಲಿ, ‘ನೀವು ಫ್ರೀಲಾನ್ಸರಾ?’ ಎಂದರು. ‘ಇಲ್ಲ ಸಾರ್, ಸುಗಟೂರು’ ಎಂದೆ. ಈಗ ನಗು ಬರುತ್ತದೆ. ಆಗ, ಯಾವುದೋ ಊರಿನ ಹೆಸರು ಕೇಳುತ್ತಿದ್ದಾರೆ, ಇಲ್ಲ ಎಂದರೆ ಕೆಲಸ ಹೋಗುತ್ತದೆ ಎಂದು ಬೆವರಿದ್ದೆ.

ಓನರ್ ಸುಮ್ಮನೆ ಕೂರಲಿಲ್ಲ. ಮಾಲೂರಿನ ಇಟ್ಟಿಗೆ ಫ್ಯಾಕ್ಟರಿಯ ಕ್ಯಾಲೆಂಡರ್ ಕೆಲಸ ನನಗೆ ಸಿಕ್ಕಿತ್ತು, ಒಂದೇ ಫೋನಿಗೆ ತಪ್ಪಿಸಿದ. ಲಕ್ಕೂರಿನಲ್ಲಿ ಹೋಟೆಲ್ ಇಡುತ್ತಿದ್ದವರು ಬೋರ್ಡಿಗೆ ಹೇಳಿದ್ದರು, ಅವರೂ ಹಿಂದೆ ಸರಿದರು. ಯಾಕೆ ಎಂದು ಕೇಳಿದರೆ ಪಾಪ, ಮುಚ್ಚಿಡಲಿಲ್ಲ: ‘ಅವ್ನಿಗೆ ನಾಕಕ್ಷರ ನೆಟ್ಟಗೆ ಬರಲ್ಲ, ನಮ್ಮ ಡಿಸೈನ್ ಕದ್ದೋಗವ್ನೆ ಅಂದ್ರಪ್ಪ.’ ಕಳ್ಳ ಅನ್ನಿಸಿಕೊಂಡ ದಿನ ನಾನು ಊಟ ಮಾಡಲಿಲ್ಲ. ನನ್ನ ಹೆಸರು ಮೂಲೆಯಲ್ಲಿ ನಿಲ್ಲಬೇಕು, ಅದನ್ನು ನಿಲ್ಲಿಸುವವನು ಅವನೇ ಆಗಬೇಕು ಎಂದು ಅವತ್ತೇ ಮನಸ್ಸಿನಲ್ಲಿ ಕೂತಿತು. ಹೇಗೆ ಎಂದು ಗೊತ್ತಿರಲಿಲ್ಲ.

ಮೊದಲು ಮುಖಗಳು ಬೇಕಿತ್ತು. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಒಂದು ತೆಗೆದುಕೊಂಡೆ. ಅಮ್ಮನ ಪೆಟ್ಟಿಗೆಯಿಂದ ಒಂದು ಬಿಳಿ ದುಪ್ಪಟಿ. ಮದುವೆ, ನಾಮಕರಣ, ಎಲ್ಲಿ ಜನ ಒಳ್ಳೆ ಬಟ್ಟೆ ಹಾಕಿಕೊಂಡು ಸೇರುತ್ತಾರೋ ಅಲ್ಲಿ ಗೋಡೆಗೆ ದುಪ್ಪಟಿ ಕಟ್ಟಿ ನಿಲ್ಲುತ್ತಿದ್ದೆ. ಕೈ ಮುಗಿದು ಒಂದು, ಕೈ ಬಿಟ್ಟು ಒಂದು, ಫೋಟೊ ಪುಕ್ಕಟೆ, ಅವರವರ ಫೋನಿಗೆ ಕಳಿಸುತ್ತಿದ್ದೆ. ಮುಖ ನನ್ನ ಹತ್ತಿರ ಉಳಿಯುತ್ತಿತ್ತು. ಅದನ್ನೂ ಹೇಳಿಯೇ ತೆಗೆಯುತ್ತಿದ್ದೆ.

‘ಏನ್ಲಾ, ಸತ್ಮೇಲೆ ಹಾಕಕ್ಕಾ?’ ಎಂದು ಮುದುಕರು ರೇಗಿಸುತ್ತಿದ್ದರು.

‘ಇಲ್ಲ ತಾತಾ, ಬರ್ತ್‌ಡೇಗೆ.’

‘ನಾನು ಹುಟ್ಟಿದ್ದು ನಮ್ಮವ್ವಂಗೇ ನೆನಪಿರ್ಲಿಲ್ಲ ಕಣೋ!’

ಮುಳಬಾಗಿಲಿನ ಒಂದು ಮದುವೆಯಲ್ಲಿ ಹೀಗೆ ನಿಂತಿದ್ದಾಗ ಒಬ್ಬ ಅಜ್ಜಿ ಬಂದು ದುಪ್ಪಟಿಯ ಮುಂದೆ ನಿಂತಿತು. ಓನರ್ ತಾಯಿ. ಶ್ರೀನಿವಾಸಪುರದ ಕಡೆಯ ಹಳ್ಳಿಯಲ್ಲಿ ಇದ್ದವರು, ಕೋಲಾರಕ್ಕೆ ಬಂದಾಗೆಲ್ಲ ಅಂಗಡಿಯ ಬೆಂಚಿನಲ್ಲಿ ಕೂತು ನಾನು ಮುಖ ಕತ್ತರಿಸುವುದನ್ನು ನೋಡುತ್ತಿದ್ದರು. ಮಾತು ಅರ್ಧ ತೆಲುಗು, ಅರ್ಧ ಕನ್ನಡ.

‘ಬಾಗುನ್ನಾವಾ ನಾಯನಾ, ಚೆನ್ನಾಗಿದ್ದೀಯಾ? ನಂದೂ ಒಂದು ತೆಗಿ. ನನ್ನ ಮಗ ಊರೋರ್ ಮೊಖ ಎಲ್ಲಾ ಗೋಡೆ ಮೇಲೆ ಇಡ್ತಾನೆ, ನನ್ನ ಮೊಖ ಒಂದು ದಿನಾನೂ ನೋಡ್ಲಿಲ್ಲ.’

‘ನಿಮ್ಮ ಮಗಂಗೂ ನಂಗೂ ಆಗಲ್ಲ ಅವ್ವಾ.’

‘ತೆಲುಸು, ಗೊತ್ತು. ಅವನ ಬಾಯಿ ಕೆಟ್ಟದ್ದು. ನಿಂದೇನು ಒಳ್ಳೇದಾ? ತೆಗಿ ತೆಗಿ, ಅಲ್ಲಿ ಊಟಕ್ಕೆ ಹಾಕ್ತಾವ್ರೆ.’

ನನಗೆ ನಗು ಬಂತು. ಅಜ್ಜಿಯೂ ನಕ್ಕಿತು. ಆ ನಗುವಿನಲ್ಲೇ ಒತ್ತಿದೆ. ಎಲೆಯಡಿಕೆ ಹಲ್ಲು, ಬಲಗಡೆ ಮೂಗಿನಲ್ಲಿ ಕೆಂಪು ಹರಳಿನ ಮೂಗುಬೊಟ್ಟು, ಹಣೆಯ ಮೇಲೆ ಹಚ್ಚೆ. ಒಳ್ಳೆಯ ಫೋಟೊ. ಅಜ್ಜಿಗೆ ಫೋನಿರಲಿಲ್ಲ, ಅದು ನನ್ನ ಹತ್ತಿರವೇ ಉಳಿಯಿತು. ಅದನ್ನು ಮನೆಗೆ ತಂದು ಬಿಡಿಸುವಾಗ ಒಂದೊಂದು ನರೆಗೂದಲನ್ನೂ ಉಳಿಸಿದೆ. ಪ್ರೀತಿ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಒಂದು ದಿನ ಅವನು ಇದಕ್ಕಾಗಿ ನನ್ನ ಬಾಗಿಲಿಗೆ ಬರುತ್ತಾನೆ ಎಂಬ ಲೆಕ್ಕವೂ ಇತ್ತು. ಹಾಗೆ ಯೋಚಿಸಿದ್ದಕ್ಕೆ ನನಗೆ ನಾಚಿಕೆಯಿಲ್ಲ.

ಆ ದಿನ ಹೋದ ವರ್ಷ ಬಂತು. ಬೆಳಿಗ್ಗೆ ಓನರ್ ಸ್ಟೇಟಸ್‌ನಲ್ಲಿ ತಾಯಿ ತೀರಿಕೊಂಡ ಸುದ್ದಿ, ಜೊತೆಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ನಮ್ಮ ಕಡೆ ಹೆಣ ಎತ್ತುವುದರೊಳಗೆ ಮನೆ ಮುಂದೆ ಬ್ಯಾನರ್ ನಿಲ್ಲಬೇಕು, ಅಂಗಡಿ ಇರುವವನ ಮನೆಯಲ್ಲಂತೂ ತಡವಾದರೆ ಮಾನ ಹೋಗುತ್ತದೆ. ಅವನ ಹತ್ತಿರ ತಾಯಿಯ ಫೋಟೊ ಇರಲಿಲ್ಲ. ಯಾವುದೋ ಕಾರ್ಡಿನಲ್ಲಿದ್ದ ಉಗುರಗಲದ ಫೋಟೊ ತೆಗೆದು, ಫೋನಿನಲ್ಲಿ ಈಗ ಬಂದಿರುವ, ಮುಖವನ್ನು ತಾನೇ ಹೊಸದಾಗಿ ಬರೆಯುವ ಆ್ಯಪಿಗೆ ಹಾಕಿದ್ದ. ಬಂದದ್ದು ನಲವತ್ತರ ಹೆಂಗಸು. ಕೆನ್ನೆ ನುಣುಪು, ಹಲ್ಲು ಮುತ್ತು, ಹಚ್ಚೆ ಮಾಯ. ಮೇಲಾಗಿ ಮುಖ ಅಕ್ಷರದ ಕಡೆ ತಿರುಗಿರಲಿ ಎಂದು ಫೋಟೊವನ್ನು ಮಗುಚಿದ್ದ, ಅಂಗಡಿಯವರೆಲ್ಲ ಮಾಡುವ ಕೆಲಸ. ಮೂಗುಬೊಟ್ಟು ಎಡಕ್ಕೆ ಹೋಗಿತ್ತು.

ಅಲ್ಲಿ ನಡೆದದ್ದನ್ನು ಸಾವಿಗೆ ಹೋಗಿದ್ದ ನಮ್ಮ ಚಿಕ್ಕಮ್ಮ ಬಂದು ಹೇಳಿದಳು. ಅಳುತ್ತಿದ್ದ ಹೆಂಗಸರು ಬ್ಯಾನರ್ ನೋಡಿ ಅಳು ನಿಲ್ಲಿಸಿದರಂತೆ. ಅಜ್ಜಿಯ ತಂಗಿ ಎದ್ದು ನಿಂತು, ‘ಇದ್ಯಾರ್ಲಾ? ಎವರ್ರಾ ಇದಿ? ನಮ್ಮಕ್ಕನ್ನ ಒಳಗೆ ಮಲಗ್ಸಿ ಯಾರನ್ನೋ ಹೊರಗೆ ನಿಲ್ಸಿದ್ಯಲ್ಲೋ!’ ಎಂದು ಎದೆ ಬಡಿದುಕೊಂಡಳಂತೆ. ಕೊನೆಗೆ ಬ್ಯಾನರನ್ನು ಗೋಡೆ ಕಡೆ ತಿರುಗಿಸಿಟ್ಟರಂತೆ.

ನಾನು ಕಾದೆ. ಮೂರನೇ ದಿನ ಓನರ್ ಬಂದ. ಒಬ್ಬನೇ, ಬೈಕಿನಲ್ಲಿ, ತಲೆ ಬೋಳಿಸಿಕೊಂಡು. ನಾನು ಹಿಪ್ಪುನೇರಳೆ ಸೊಪ್ಪು ಇಳಿಸುತ್ತಿದ್ದೆ. ಕೂರು ಎನ್ನಲಿಲ್ಲ.

‘ನಮ್ಮವ್ವನ ಫೋಟೊ ನಿನ್ನತ್ರ ಐತಂತೆ, ನಿಮ್ಮ ಚಿಕ್ಕಮ್ಮ ಅಂದ್ರು. ತಿಥಿಗೆ ಬೇಕು. ಎಷ್ಟು ಹೇಳು.’

‘ದುಡ್ಡು ಬೇಡಣ್ಣಾ. ಬ್ಯಾನರ್ ನಾನೇ ಮಾಡಿ ಕೊಡ್ತೀನಿ. ಮೂಲೇಲಿ ನನ್ನ ಹೆಸ್ರು ಇರುತ್ತೆ.’

‘ಸಾವಿನ ಬ್ಯಾನರ್‌ನಾಗಾ? ಮನುಷ್ಯನೇನೋ ನೀನು?’

‘ದುಃಖತಪ್ತ ಕುಟುಂಬ ಅಂತ ನಿಮ್ಮ ಹೆಸ್ರು ಇರುತ್ತಲ್ಲ, ಅದೇ ಅಕ್ಷರ, ಅದೇ ಸೈಜು. ದೊಡ್ಡದು ಬೇಡ, ಚಿಕ್ಕದೂ ಬೇಡ. ಮತ್ತೆ ನಿಮ್ಮ ಮೆಷಿನ್‌ನಾಗೇ ಪ್ರಿಂಟಾಗ್ಬೇಕು. ನಾನು ನಿಂತು ನೋಡ್ತೀನಿ.’

‘ಫೋಟೊ ಒಂದು ಕೊಟ್ಬಿಡೋ. ತಾಯಿ ಕಣೋ.’

‘ಕಂಪ್ಯೂಟರ್ ನಂದು, ಕರೆಂಟ್ ನಂದು, ದುಪ್ಪಟಿ ನಂದು. ಮೊಖ ನಿಮ್ಮವ್ವಂದು, ಅದಕ್ಕೇ ದುಡ್ಡು ಕೇಳ್ತಿಲ್ಲ.’

ಈ ಮಾತನ್ನು ನಾನು ಎಷ್ಟೋ ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದೆ. ಹೇಳಿದಾಗ ಬೆಲ್ಲ ಕರಗಿದ ಹಾಗಾಯಿತು. ಅವನು ಬೈಕ್ ಹತ್ತಿದ, ಇಳಿದ, ಮತ್ತೆ ಹತ್ತಿದ. ‘ನಾಳೆ ಬಾ’ ಎಂದು ಹೋದ.

ಮಾರನೇ ದಿನ ಹೋದೆ. ನಾನು ಗುಡಿಸಿದ ಅದೇ ಅಂಗಡಿ. ಮೆಷಿನ್ ಅತ್ತಿಂದಿತ್ತ ಓಡುತ್ತ ಮೇಲಿನಿಂದ ಅಜ್ಜಿಯ ಬೈತಲೆ ಬಂತು, ಹಚ್ಚೆ ಬಂತು, ಬಲಗಡೆ ಮೂಗುಬೊಟ್ಟು, ಎಲೆಯಡಿಕೆ ಹಲ್ಲು. ಓನರ್ ಅಲ್ಲಿಯವರೆಗೆ ಗಟ್ಟಿಯಾಗಿ ನಿಂತಿದ್ದವನು ಹಲ್ಲು ಬಂದಾಗ ಮುಖ ತಿರುಗಿಸಿಕೊಂಡ. ನಾನು ಮೂಲೆ ಬರುವವರೆಗೆ ಕಣ್ಣು ಕೀಳಲಿಲ್ಲ. ಕೊನೆಗೆ ನನ್ನ ಹೆಸರು, ಅದರ ಕೆಳಗೆ ಫೋನ್ ನಂಬರ್. ಬರುವಾಗ ದಾರಿಯಲ್ಲಿ ಹೊಸ ಕಪ್ಪು ಟೇಪು ಒಂದು ಕೊಂಡು ತಂದಿದ್ದೆ. ಅದನ್ನು ಅವನ ಮೇಜಿನ ಮೇಲೆ ಇಟ್ಟು, ‘ಬೇಕಾದ್ರೆ ಅಂಟ್ಸಿ ಅಣ್ಣಾ’ ಎಂದೆ.

ಅವನು ಅದನ್ನು ನೋಡಿದ. ಮುಟ್ಟಲಿಲ್ಲ. ನಾನು ವಾಪಸು ಜೇಬಿಗೆ ಹಾಕಿಕೊಂಡೆ.

ಹನ್ನೊಂದನೇ ದಿನ ತಿಥಿಗೂ ಹೋದೆ, ಕರೆದಿರಲಿಲ್ಲ. ಹೆಂಗಸರು ಬ್ಯಾನರ್ ಮುಂದೆ ನಿಂತು ಸರಿಯಾಗಿ ಅಳುತ್ತಿದ್ದರು. ಅಜ್ಜಿಯ ತಂಗಿ ಮುಖ ಸವರಿ, ‘ನಗ್ತಾವ್ಳೆ ನೋಡು, ಇವಳೇ, ಇವಳೇ’ ಎನ್ನುತ್ತಿದ್ದಳು. ಕಪ್ಪು ಟೇಪು ಅಂಟಿಸಿದ ಬ್ಯಾನರ್ ತೆಗೆದುಕೊಂಡು ಹೋಗಿದ್ದ ಆ ಮಾವಿನ ಮಂಡಿಯವರೂ ಬಂದಿದ್ದರು. ಅವರು ಬ್ಯಾನರ್ ನೋಡಿ ಓನರ್ ಹೆಗಲ ಮೇಲೆ ಕೈ ಇಟ್ಟು, ‘ಜೀವ ಬಂದಂಗೈತೆ ಕಣಯ್ಯಾ. ನೀನೇ ಮಾಡಿದ್ದಾ?’ ಎಂದರು.

ಪಂಕ್ತಿಯಲ್ಲಿ ಕೂತಿದ್ದ ನನ್ನ ಕೈಯಲ್ಲಿ ತುತ್ತು ಹಾಗೇ ನಿಂತಿತು.

‘ಅವ್ನು ಮಾಡಿದ್ದು’ ಎಂದು ಓನರ್ ನನ್ನ ಕಡೆ ಕೈ ತೋರಿಸಿದ. ‘ನಮ್ಮತ್ರ ಇದ್ದ.’

ಮಂಡಿಯವರು ಬಗ್ಗಿ ಮೂಲೆಯನ್ನು ಓದಿದರು. ಗಟ್ಟಿಯಾಗಿ, ಒಂದೊಂದೇ ಅಕ್ಷರ. ಆಮೇಲೆ ನನ್ನನ್ನು ನೋಡಿ, ‘ಓ, ಟೇಪಿನೋನು!’ ಎಂದರು. ನಾನು ತುತ್ತು ನುಂಗಿ ಇನ್ನೊಂದು ವಡೆ ಹಾಕಿಸಿಕೊಂಡೆ.

ಅವನು ಬದಲಾಗಿದ್ದಾನೆ, ಕ್ಷಮಿಸಿಬಿಡು ಎಂದು ಚಿಕ್ಕಮ್ಮ ಹೇಳುತ್ತಾಳೆ. ಅಜ್ಜಿ ಬದುಕಿದ್ದರೆ ಏನನ್ನುತ್ತಿತ್ತೋ ಎಂದೂ ಕೇಳುತ್ತಾಳೆ. ನಿಂದೇನು ಒಳ್ಳೇದಾ ಎನ್ನುತ್ತಿತ್ತು, ಅಷ್ಟೆ. ನಾನು ಕ್ಷಮಿಸಿಲ್ಲ. ಕ್ಷಮಿಸಿದ್ದರೆ ಈ ಕೆಲಸ ಇಷ್ಟು ಚೆನ್ನಾಗಿ ಕಲಿಯುತ್ತಿರಲಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಲ್ಯಾಪ್‌ಟಾಪ್ ಎರಡು, ಅದರಲ್ಲಿ ಹಳೆಯದು ಓಡುವುದಿಲ್ಲ. ಕ್ಯಾಮೆರಾ ಒಂದು. ಬಿಳಿ ದುಪ್ಪಟಿ ಮೂರು. ಕತ್ತರಿಸಿದ ಮುಖ ನಾಲ್ಕು ಸಾವಿರದ ಆಸುಪಾಸು. ಬಿಡದೆ ಕೆಲಸ ಕೊಡುವ ಮಾವಿನ ಮಂಡಿ ಐದು, ಇಟ್ಟಿಗೆ ಫ್ಯಾಕ್ಟರಿ ಒಂದು, ಲಕ್ಕೂರಿನ ಹೋಟೆಲ್ ಒಂದು. ಬಿಚ್ಚದ ಕಪ್ಪು ಟೇಪು ಒಂದು. ಓನರ್ ಅಂಗಡಿಯಿಂದ ಈಚೆಗೆ ಬಂದ ಕೆಲಸ ಎರಡು, ಎರಡರ ಮೂಲೆಯಲ್ಲೂ ನನ್ನ ಹೆಸರಿದೆ.