ಅಪ್ಪ ಹಂಚು ಹಾಕಿದ ಮನೆಯ ಹೆಸರು

ಅಣ್ಣನ ಮಗಳು ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳು ಮೆಚ್ಚಿದ ಹುಡುಗನ ಮನೆತನದ ಹೆಸರು ಸ್ಲೇಟರ್. ಹುಡುಗನ ಅಪ್ಪನಿಗೆ ಆ ಹೆಸರಿನ ಬೆನ್ನು ಹತ್ತುವುದೇ ಹವ್ಯಾಸ. ಮದುವೆ ಮಾತುಕತೆಗೆ ಮೊದಲೇ ಅವರಿಂದ ನಾಲ್ಕು ಪುಟದ ಕಾಗದ ಬಂತು. ಸ್ಲೇಟರ್ ಅಂದರೆ ಮನೆಯ ಚಾವಣಿಗೆ, ನಮ್ಮ ಮಾತಿನಲ್ಲಿ ಮಾಡಿಗೆ, ಕಲ್ಲಿನ ಬಿಲ್ಲೆ ಹೊದಿಸುವವನು. ಕಲ್ಲು ಬೇರೆಯದಲ್ಲ, ನಾವು ಚಿಕ್ಕಂದಿನಲ್ಲಿ ಬರೆಯುತ್ತಿದ್ದ ಸ್ಲೇಟಿನದೇ. ನೂರಾರು ವರ್ಷಗಳ ಹಿಂದೆ ಕಸುಬಿಗಷ್ಟೇ ಇದ್ದ ಹೆಸರು ತಂದೆಯಿಂದ ಮಕ್ಕಳಿಗೆ ಇಳಿದು, ಈಗ ಏಣಿ ಹತ್ತಲಾರದವರಿಗೂ ಅಂಟಿಕೊಂಡಿದೆ. ಹಳೆಯ ಕಾಗದಗಳಲ್ಲಿ ಅದನ್ನು ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದಾರಂತೆ. ಕೊನೆಯಲ್ಲಿ ಬಹಳ ವಿನಯದಿಂದ ಕೇಳಿದ್ದರು: ನಿಮ್ಮ ಮನೆತನದ ಹೆಸರು ಎಲ್ಲಿಂದ ಬಂತು?

ಉತ್ತರ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಇಂಗ್ಲಿಷ್ ಬರುವ ಅತ್ತೆ ನಾನೊಬ್ಬಳೇ.

ಏನಂತ ಬರೆಯಲಿ? ನಮ್ಮ ಅಪ್ಪನೂ ಮನೆಗಳಿಗೆ ಹಂಚು ಹಾಕುವವನೇ. ದೊಡ್ಡ ಮನೆಯಾದರೆ ತಿಂಗಳುಗಟ್ಟಲೆ ಅಲ್ಲೇ ಉಳಿದು ಕೆಲಸ ಮಾಡುತ್ತಿದ್ದ. ಅಣ್ಣನನ್ನು ಶಾಲೆಗೆ ಸೇರಿಸುವಾಗ, ಅವನ ಹೆಸರಿನ ಜೊತೆ ಬರೆದುಕೊಳ್ಳಲು ಮನೆಹೆಸರು ಯಾವುದೆಂದು ಕೇಳಿದರಂತೆ. ಅಗತ್ಯಬಿದ್ದರೆ ತನ್ನನ್ನು ಎಲ್ಲಿ ಹುಡುಕಬೇಕೆಂದು ಕೇಳುತ್ತಿದ್ದಾರೆ ಎಂದುಕೊಂಡ ಅಪ್ಪ, ಆಗ ಕೆಲಸ ನಡೆಯುತ್ತಿದ್ದ ಬೆಳ್ಳೂರಿನ ಜಮೀನ್ದಾರರ ಮನೆಯ ಹೆಸರು ಹೇಳಿದ. ಐದು ವರ್ಷದ ನಂತರ ನನ್ನ ಸರದಿ. ಆಗ ಅವನು ಮಂಜೇಶ್ವರದ ಇನ್ಯಾರದೋ ಮಾಡಿನ ಮೇಲಿದ್ದ. ಹೀಗೆ ಒಂದೇ ತಾಯಿಯ ಮಕ್ಕಳಿಗೆ ಎರಡು ಮನೆಹೆಸರು, ಎರಡೂ ನಮ್ಮದಲ್ಲ. ನಾವು ಅಣ್ಣ ತಂಗಿ ಎಂದು ಸಾಬೀತು ಮಾಡಲು ವಿಲ್ಲೇಜ್ ಆಫೀಸಿನ ಮೆಟ್ಟಿಲು ಎಷ್ಟು ಸಲ ಹತ್ತಿದ್ದೇನೋ! ಪ್ರತಿ ಸಲವೂ ಹೊಸ ಅಧಿಕಾರಿ, ಅದೇ ಹಳೆಯ ಅನುಮಾನ.

ಇದ್ದದ್ದನ್ನು ಇದ್ದಂತೆ ಬರೆದು ಅಣ್ಣನಿಗೆ ತೋರಿಸಿದೆ. ಅವನು ಕೆಂಡವಾದ.

“ನಿನಗೆ ಎಂತ, ಮಂಡೆ ಸರಿ ಇಲ್ವಾ? ಬೆಳ್ಳೂರಿನ ಆ ಮನೆ ನಮ್ಮ ಹಿರಿಯರದ್ದು ಅಂತ ಬರಿ. ಹೆಸರು ಉಂಟಲ್ಲ ನನ್ನ ಪಾಸ್‌ಪೋರ್ಟಿನಲ್ಲಿ!”

“ಹುಡುಗನ ಹಿರಿಯರು ಸಹ ಮಾಡು ಹೊದಿಸಿದವರೇ ಅಲ್ವಾ ಅಣ್ಣ?”

“ಅವರದ್ದು ಬೇರೆ. ಅವರು ಇಂಗ್ಲಿಷಿನವರು.”

ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದೇ ಬಾಕಿ. ನಾನು ಒಪ್ಪಲಿಲ್ಲ. ಅವನು ಯಾರಿಂದಲೋ ಸುಳ್ಳನ್ನು ಚಂದಕ್ಕೆ ಬರೆಸಿ ಕಳಿಸಿಯೇ ಬಿಟ್ಟ.

ಹುಡುಗನ ಅಪ್ಪ ಊರಿಗೆ ಬಂದದ್ದೇ ಆ ಹಿರಿಯರ ಮನೆ ನೋಡಬೇಕೆಂದು ಹಟ ಹಿಡಿದರು. ಹಿಡಿಯದೆ ಇರುತ್ತಾರೆಯೇ? ಅಣ್ಣ ಆ ಮನೆಗೆ ಫೋನ್ ಮಾಡಿ, ಅಪ್ಪನ ಹೆಸರಿನಿಂದ ಪರಿಚಯ ಮಾಡಿಕೊಂಡು, ನೆಂಟರಿಗೆ ಹಳೆಯ ಮನೆಯೊಂದನ್ನು ತೋರಿಸಬೇಕು ಎಂದಷ್ಟೇ ಹೇಳಿ ಒಪ್ಪಿಗೆ ಪಡೆದ. ದಾರಿಯುದ್ದಕ್ಕೂ ಎ.ಸಿ. ಕಾರಿನಲ್ಲೂ ಬೆವರುತ್ತಿದ್ದ.

ಎಂಬತ್ತು ದಾಟಿದ ಯಜಮಾನ್ತಿ ಬಾಗಿಲಿಗೆ ಬಂದು ಸ್ವಾಗತಿಸಿದರು. ಅತಿಥಿಯ ಕಣ್ಣು ಮಾತ್ರ ನೆಟ್ಟಗೆ ಮಾಡಿಗೆ ಹೋಯಿತು. ಸಾಲು ಎಷ್ಟು ನೇರವಾಗಿದೆ, ಹೊದಿಸಿದವರು ಯಾರು ಎಂದು ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

“ಯಾರೆಂತ ಕೇಳುವುದು ಮಾರಾಯ್ರೆ, ಇವರ ಅಪ್ಪನೇ!” ಯಜಮಾನ್ತಿ ಅಣ್ಣನ ಕಡೆ ಕೈ ತೋರಿಸಿದರು. “ಇಷ್ಟು ಮಳೆಗಾಲ ಹೋಯ್ತು, ಒಂದು ಹನಿ ಒಳಗೆ ಬಿದ್ದದ್ದಿಲ್ಲ. ಅಂಥ ಕೈ ಈಗ ಎಲ್ಲಿ ಉಂಟು?”

ಅದನ್ನೂ ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದೆ. ಅಣ್ಣ ನೆಲ ನೋಡುತ್ತ ನಿಂತಿದ್ದ. ಅತಿಥಿ ಬಂದು ಅವನ ಎರಡೂ ಕೈ ಹಿಡಿದುಕೊಂಡರು. “ಹಾಗಾದರೆ ನಾವು ಒಂದೇ ಕಸುಬಿನವರು,” ಅಂದರು. ಕಳಿಸಿದ ಕಾಗದದ ಮಾತೇ ಎತ್ತಲಿಲ್ಲ.

ಈಗ ಅಣ್ಣನ ಬಾಯಿಗೆ ಬೀಗವಿಲ್ಲ. ಸಿಕ್ಕವರಿಗೆಲ್ಲ ಅಪ್ಪನ ಕೈಚಳಕದ್ದೇ ವರ್ಣನೆ. ಅದರ ಬೆಲೆಯನ್ನು ಒಬ್ಬರು ಸಮುದ್ರ ದಾಟಿ ಬಂದು ಹೇಳಬೇಕಾಯಿತಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತದೆ.

ಉರಿದಾಗಲೆಲ್ಲ ನನ್ನ ಕಾಲೇಜಿನ ಅರ್ಜಿ ನೆನಪಾಗುತ್ತದೆ. ನಮಗೆ ಒಂದು ತುಂಡು ಗದ್ದೆಯೂ ಇರಲಿಲ್ಲ. ತಂದೆಯ ಉದ್ಯೋಗ ಎಂಬಲ್ಲಿ ನಾನು ಕೃಷಿ ಎಂದು ಬರೆದಿದ್ದೆ. ಇಂಗ್ಲಿಷ್ ಬಾರದ ಅಪ್ಪ ಅಲ್ಲಿ ಬೆರಳಿಟ್ಟು ಏನೆಂದು ಕೇಳಿದ. ಓದಿ ಹೇಳಿದೆ.

“ಹಾಗೇ ಇರಲಿ ಮಗಾ, ಅದೇ ಚಂದ ಕಾಣ್ತದೆ,” ಎಂದು ಅಪ್ಪ ಕೆಳಗೆ ರುಜು ಹಾಕಿಕೊಟ್ಟ.