ಮರದ ಗಾಲಿಗೆ ಶೇಂಗಾ ಎಣ್ಣೆ

ಎಣ್ಣೆ ಗಿರಣಿ ಇಟ್ಟವರಿಗೆ ಜಗತ್ತಿನ ರೋಗಕ್ಕೆಲ್ಲ ಎಣ್ಣೆಯೇ ಮದ್ದು. ನನ್ನ ಹೆಂಡತಿಯ ಒಬ್ಬನೇ ತಮ್ಮ ಅಂಥ ಮಹಾಶಯ. ಕಾನಹೊಸಹಳ್ಳಿಯಲ್ಲಿ ಅವನದು ಶೇಂಗಾ ಎಣ್ಣೆ ಗಿರಣಿ. ಪ್ರತಿ ಅಮವಾಸ್ಯೆಗೆ ಕೊಟ್ಟೂರಿನ ಗುಡಿಗೆ ಬಂದು, ನಮ್ಮ ಮನೆಯಲ್ಲಿ ಉಂಡು, ಕೇಳದಿದ್ದರೂ ನಾಲ್ಕು ಬುದ್ಧಿಮಾತು ಹೇಳಿ ಹೋಗುವುದು ಅವನ ಪದ್ಧತಿ. ಇವಳು ಆ ದಿನಕ್ಕೆ ತಿಂಗಳಿಡೀ ಕಾಯುತ್ತಿದ್ದಳು.

ಬಸ್ ರಿಪೇರಿ ಕೆಲಸದಿಂದ ನಿವೃತ್ತನಾದ ಮೇಲೆ ನಾನು ತೇಗದ ಹಲಗೆಯಲ್ಲಿ ಗಾಲಿ ಕೊರೆದು, ಸೈಕಲ್ ಕಡ್ಡಿಗಳನ್ನೇ ಅಚ್ಚು ಮಾಡಿ ಒಂದು ಲೋಲಕದ ಗಡಿಯಾರ ಕಟ್ಟಿ ಗೋಡೆಗೆ ತೂಗುಹಾಕಿದ್ದೆ. ಎರಡು ತಾಸು ಓಡಿ ನಿಲ್ಲುತ್ತಿತ್ತು. ಎಲ್ಲೋ ತಿಕ್ಕಾಟ. ಅಚ್ಚಿನ ತುದಿಗಳನ್ನು ನುಣುಪು ಮಾಡಿದೆ, ಸಲೀಸಾಗಿ ತಿರುಗಲೆಂದು ತೂತುಗಳಿಗೆ ಪೆನ್ಸಿಲ್ ಕಡ್ಡಿಯ ಪುಡಿ ಹಾಕಿದೆ. ಅದೇ ಎರಡು ತಾಸು.

"ಮಾವ, ಗಾಲಿ ಒಣಗ್ಯಾವ. ಎಣ್ಣಿ ಕುಡಿಸ್ರಿ," ಎಂದ ಮಹಾಶಯ.

ಮರದ ಹಲ್ಲಿಗೆ ಎಣ್ಣೆ ಬಿದ್ದರೆ ಧೂಳು ಮೆತ್ತಿ ಅಂಟಾಗುತ್ತದೆ ಎಂದು ಬಿಡಿಸಿ ಹೇಳಿದೆ. ತಿಳಿಯಲು ತಲೆಯಲ್ಲಿ ಏನಾದರೂ ಇರಬೇಕಲ್ಲ! ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಗಾಲಿಗಳಿಗೆಲ್ಲ ಅಡುಗೆಮನೆಯ ಎಣ್ಣೆ ಸುರಿದು, ಗಿರಣಿಯ ಯಂತ್ರಕ್ಕೆ ಅಮವಾಸ್ಯೆಯಂದು ಬಳಿಯುವಂತೆ ಮೂರು ಬೆರಳು ವಿಭೂತಿಯನ್ನೂ ಬಳಿದು, ಊಟಕ್ಕೆ ಕೂತಿದ್ದ. ಎಣ್ಣೆ, ಬೂದಿ ಕಲಸಿ ಹಲ್ಲುಗಳ ತುಂಬ ಕೆಸರು. ಗಡಿಯಾರ ಅಲುಗಲೂ ಇಲ್ಲ.

"ನೀ ಮುಟ್ಟಿದ್ದೆಲ್ಲಾ ಹಾಳಾಕೈತಿ ಲೇ! ಇನ್ಮ್ಯಾಲೆ ಈ ಹೊಸ್ತಿಲ ತುಳಿಬ್ಯಾಡ," ಎಂದೆ. ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಅವನು ಕೈ ತೊಳೆದುಕೊಂಡು ಹೋದ. ಹೆಂಡತಿ ನನ್ನ ಕಡೆ ನೋಡಲಿಲ್ಲ.

ವಾರವಿಡೀ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಮತ್ತೆ ಜೋಡಿಸಿದೆ. ಮತ್ತೆ ಎರಡೇ ತಾಸು. ಅದಕ್ಕೂ ಅವನನ್ನೇ ಬೈದೆ. ಕಸ ಗುಡಿಸುತ್ತಿದ್ದ ಹೆಂಡತಿ ಗೋಡೆಯತ್ತ ಪೊರಕೆ ತೋರಿಸಿದಳು.

"ಅಲ್ನೋಡ್ರಿ, ಸುಣ್ಣ ಕೆರಕೊಂಡು ಹೋಗೈತಿ."

ಲೋಲಕದ ಬಿಲ್ಲೆ ಗೋಡೆಗೆ ತಿಕ್ಕುತ್ತಿತ್ತು. ಮೊದಲ ದಿನದಿಂದಲೂ ತಿಕ್ಕುತ್ತಿತ್ತು. ಮೊಳೆ ಹೊಡೆದವನು ನಾನೇ. ಥೂ, ಇಷ್ಟು ವರ್ಷ ಬಸ್ಸಿನ ಕೆಳಗೆ ಮಲಗಿ ಎದ್ದ ಪಂಡಿತನ ಯೋಗ್ಯತೆ ಇಷ್ಟೇ!

ಗಡಿಯಾರದ ಹಿಂದೆ ಒಂದು ಹಲಗೆ ಚೂರು ಕೊಟ್ಟೆ. ನಿಲ್ಲದೆ ಓಡಿತು. ಮುಂದಿನ ಅಮವಾಸ್ಯೆಗೆ ಇವಳು ಅವನಿಗೆಂದು ರೊಟ್ಟಿ ಬಡಿದು ಮುಚ್ಚಿಟ್ಟಳು. ಅವನು ಗುಡಿಗೆ ಬಂದು ಹಾಗೇ ಬಸ್ ಹತ್ತಿದನೆಂದು ಪಕ್ಕದ ಮನೆಯವರು ಹೇಳಿದರು. ಸಂಜೆ ನಾನೇ ಫೋನ್ ಮಾಡಿ ತಪ್ಪು ನನ್ನದೆಂದು ಒಪ್ಪಿಕೊಂಡೆ. ನಂಬಲಿ ಎಂದು ಫೋನನ್ನು ಗಡಿಯಾರದ ಹತ್ತಿರ ಹಿಡಿದು ಟಿಕ್ ಟಿಕ್ ಕೇಳಿಸಿದೆ.

"ಕೇಳಾಕತ್ತೈತಿ," ಎಂದ. "ಫೋನ್ ಅಕ್ಕನ ಕೈಗೆ ಕೊಡ್ರಿ."