ಗಾಜು ಬೆವರಿದ ಮಳೆಗಾಲ

ಮೊನ್ನೆ ಮೂಡುಬಿದಿರೆಯ ಒಂದು ಅಂಗಡಿಯಲ್ಲಿ ಐಸ್‌ಕ್ರೀಮ್ ಫ್ರೀಜರಿನ ಗಾಜಿನ ಬಾಗಿಲಿಗೆ ಕೈ ತಾಗಿತು. ಒಳಗೆ ಕೊರೆಯುವ ತಂಪು, ಬಾಗಿಲಿನ ಚೌಕಟ್ಟು ಮಾತ್ರ ಬೆಚ್ಚಗಿತ್ತು. "ಅದರೊಳಗೆ ಹೀಟರ್ ಉಂಟು ಅಮ್ಮಾ, ಇಲ್ಲದಿದ್ರೆ ಗಾಜು ಬೆವರ್ತದೆ" ಎಂದ ಅಂಗಡಿಯವನು. ನನಗೆ ಗೊತ್ತು ಎಂದು ಅವನಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಅರವತ್ತರ ದಶಕದಲ್ಲಿ ನಾನು ಬಂಟ್ವಾಳದಲ್ಲಿ ಅಕ್ಕನ ಮನೆಯಲ್ಲಿದ್ದು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಬೊಂಬಾಯಿಯ ಹೋಟೆಲುಗಳಲ್ಲಿ ದುಡಿದು ಬಂದ ಭಾವ ಪೇಟೆಯಲ್ಲಿ ತಂಪು ಪಾನೀಯದ ಅಂಗಡಿ ಇಟ್ಟಿದ್ದರು. ಬೊಂಬಾಯಿಯಿಂದಲೇ ಒಂದು ಹಳೆಯ ಗಾಜಿನ ಬಾಗಿಲಿನ ಫ್ರೀಜರನ್ನು ಲಾರಿಯಲ್ಲಿ ತರಿಸಿದರು. ಕೆಲವರು ಏನೂ ಕೊಳ್ಳದೆ, ಅದನ್ನು ನೋಡಲಿಕ್ಕೆಂದೇ ಬಂದು ಹೋಗುತ್ತಿದ್ದರು. ಭಾವನಿಗೆ ಅದೂ ಸಂತೋಷವೇ.

ಒಂದು ದಿನ ಚೌಕಟ್ಟು ಬಿಸಿಯಾಗಿರುವುದು ಅವರ ಗಮನಕ್ಕೆ ಬಂತು. "ತಂಪು ಮಾಡುವ ಪೆಟ್ಟಿಗೆಗೆ ಬಿಸಿ ಯಾಕೆ ಮಾರಾಯ್ತಿ? ಐಸ್‌ಕ್ರೀಮ್ ಕರಗಿ ಹೋದೀತು" ಎಂದು ಚೌಕಟ್ಟಿನೊಳಗಿನ ತಂತಿಯನ್ನು ತಾವೇ ಬಿಡಿಸಿಟ್ಟರು. ನನಗೂ ಅದು ಸರಿಯೆಂದೇ ತೋರಿತು. ಆವಿ ಹೇಗೆ ನೀರಾಗುತ್ತದೆಂದು ಹಲಗೆಯ ಮೇಲೆ ಬಾಣ ಎಳೆದು ಮಕ್ಕಳಿಗೆ ಕಲಿಸುವ ಟೀಚರು ನಾನು!

ಸೆಕೆಗಾಲದಲ್ಲಿ ಗಾಜಿಗೆ ಮಂಜು ಕವಿಯುತ್ತಿತ್ತು. ಮಳೆ ಹಿಡಿದ ಮೇಲೆ ನೀರೇ ಧಾರೆಯಾಗಿ ನೆಲಕ್ಕಿಳಿಯಿತು. ಬಾಗಿಲಿನ ರಬ್ಬರಿನ ಮೇಲೆ ನೀರು ಹೆಪ್ಪುಗಟ್ಟಿ ಅದು ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿತ್ತು. ಅಕ್ಕ ಹಳೆ ಸೀರೆಯ ತುಂಡು ಹಿಡಿದು ಒರೆಸಿದ್ದೇ ಒರೆಸಿದ್ದು. ಮದುವೆಯಾಗಿ ಎಷ್ಟೋ ವರ್ಷಕ್ಕೆ ಆಗ ಅವಳು ಬಸುರಿ. "ನೀನು ಕೂತುಕೊ, ನಾನು ಒರೆಸ್ತೇನೆ" ಎಂದರೆ, "ಗಿರಾಕಿಗೆ ಒಳಗಿನದ್ದು ಕಾಣುವುದು ಬೇಡವಾ?" ಎಂದು ನಗುತ್ತಿದ್ದಳು.

ಒಂದು ಮಧ್ಯಾಹ್ನ ಬಾಗಿಲು ಕಚ್ಚಿಕೊಂಡಿತ್ತು. ಅಕ್ಕ ಎರಡೂ ಕೈಯಿಂದ ಎಳೆದಳಂತೆ. ಅದು ಒಮ್ಮೆಲೇ ಬಿಟ್ಟುಕೊಂಡಿತು. ಒದ್ದೆ ನೆಲದಲ್ಲಿ ಕಾಲು ಜಾರಿತು. ನಾನು ಶಾಲೆಯಿಂದ ಬರುವಾಗ ಅಂಗಡಿ ಮುಚ್ಚಿತ್ತು. ಭಾವ ಅವಳನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ದಿದ್ದರು. ಅಕ್ಕ ಉಳಿದಳು. ಮಗು ಉಳಿಯಲಿಲ್ಲ.

ಅವಳು ಮನೆಗೆ ಬಂದು ಓಡಾಡತೊಡಗಿದ ಮೇಲೆ ಮಂಗಳೂರಿನಿಂದ ಮೆಕ್ಯಾನಿಕ್ ಬಂದ. ಚೌಕಟ್ಟು ಬಿಚ್ಚಿ ನೋಡಿ, "ಈ ತಂತಿ ತೆಗೆದದ್ದು ಯಾರು? ಇದು ಬಿಸಿ ಇದ್ರೆ ಗಾಜಿನಲ್ಲಿ ನೀರು ನಿಲ್ಲುವುದೇ ಇಲ್ಲ" ಎಂದ.

"ನಾನು," ಎಂದರು ಭಾವ.

ತಂತಿ ಜೋಡಿಸಿ ಸ್ವಲ್ಪ ಹೊತ್ತಿನಲ್ಲೇ ಗಾಜು ತಿಳಿಯಾಯಿತು. ಅಕ್ಕ ಅದನ್ನೇ ನೋಡುತ್ತ ನಿಂತಳು.

"ಆಯ್ತಲ್ಲ. ಇನ್ನು ಒರೆಸ್ಲಿಕ್ಕೆ ಇಲ್ಲ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಭಾವ ತಡೆದುಕೊಳ್ಳುತ್ತಿದ್ದರೋ ಏನೋ. ಮುಖ ತಿರುಗಿಸಿಕೊಂಡು ಹೊರಗೆ ಮಳೆಗೆ ಹೋಗಿ ನಿಂತರು. ಆ ವರ್ಷವೇ ಅಂಗಡಿ ಮಾರಿ ಇಬ್ಬರೂ ಬೆಳ್ತಂಗಡಿಗೆ ಹೋದರು. ಮತ್ತೆ ಮಕ್ಕಳಾಗಲಿಲ್ಲ. ಆ ಸಂಗತಿಯನ್ನು ನಾವು ಯಾರೂ ಮತ್ತೆ ಎತ್ತಲಿಲ್ಲ. ಎತ್ತದಿರುವುದೇ ದಯೆ ಎಂದುಕೊಂಡಿದ್ದೆವು.

ಭಾವ ತೀರಿಕೊಂಡದ್ದು ಹೋದ ವರ್ಷ. ಮೊನ್ನೆ ಆ ಅಂಗಡಿಯಿಂದ ಮನೆಗೆ ಹೋಗಬೇಕಾದವಳು ಬೆಳ್ತಂಗಡಿಯ ಬಸ್ಸು ಹತ್ತಿದೆ. ಅಕ್ಕನ ಮನೆಯಲ್ಲಿ ಚಹಾ ಕುಡಿದು ಕುಳಿತ ಮೇಲೆ, ಇಷ್ಟು ವರ್ಷ ಯಾರೂ ಕೇಳದಿದ್ದುದನ್ನು ಕೇಳಿಯೇಬಿಟ್ಟೆ: "ಅಕ್ಕಾ, ಆ ಮಗುವಿಗೆ ಹೆಸರು ಏನಾದ್ರೂ ಯೋಚಿಸಿದ್ದೆಯಾ?"

ಅಕ್ಕ ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟಳು.

"ಹೆಣ್ಣಾದ್ರೆ ಸುಮತಿ ಅಂತ ಇತ್ತು. ಅವರೇ ಆರಿಸಿದ್ದು," ಎಂದಳು. "ಕೊನೆಗೆ ಜ್ವರದಲ್ಲಿ ಮಲಗಿದ್ದಾಗ ಅವರು ಕರೆದದ್ದೂ ಅವಳನ್ನೇ."